ಒಳಗಿಂದ ಚಿಲಕ ಹಾಕ್ಕೊಂಡು ಮಲಗೋಕೆ ಇನ್ನೊಂದು ರೂಮು ಬೇಕು, ಸಹಾಯ ಮಾಡಿ

ಪ್ರೀತಿಯ ಅಣ್ಣಂದಿರೇ, ಅಕ್ಕಂದಿರೇ, ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ಚರ್ಚಿನ ನಾವು ಕೆಲವು ಹೆಂಗಸರು ಸೇರಿ ನಡೆಸ್ತಿರೋ ಸಣ್ಣ ಟ್ರಸ್ಟ್ ಇದು, ಮನೇಲಿ ಹೊಡೆತ ತಿಂದು ಹೊರಗೆ ಬಂದ ಹೆಣ್ಮಕ್ಕಳಿಗೆ, ಅವರ ಮಕ್ಕಳಿಗೆ ಸ್ವಲ್ಪ ದಿನ ಇರೋಕೆ ಜಾಗ ಕೊಡ್ತೀವಿ. ಈಗಿರೋದು ಎರಡೇ ರೂಮಿನ ಬಾಡಿಗೆ ಮನೆ. ಮಳೆಗಾಲ ಶುರುವಾಗೋ ಮುಂಚೆ ಸ್ವಲ್ಪ ದೊಡ್ಡ ಮನೆಗೆ ಹೋಗಬೇಕು, ಅಡ್ವಾನ್ಸ್ ಹೊಂದಿಸೋಕೆ ಆಗ್ತಿಲ್ಲ.

ಬರೋರು ಜಾಸ್ತಿ ಮೂಡಿಗೆರೆ, ಕಳಸ, ಕೊಪ್ಪ ಕಡೆ ಎಸ್ಟೇಟಲ್ಲಿ ಕೂಲಿ ಮಾಡೋರು. ಕೂಲಿಯವರಿಗೆ ಎಸ್ಟೇಟಿಂದ ಕೊಡೋ ಸಾಲು ಮನೆ, ಅಂದ್ರೆ ಲೈನ್ ಮನೇಲಿ ಪಕ್ಕದ ಗೋಡೆ ಆಚೆ ಎಲ್ಲಾ ಕೇಳಿಸುತ್ತೆ, ಆದ್ರೂ ಗಂಡ ಹೆಂಡ್ತಿ ಜಗಳ ನಮಗ್ಯಾಕೆ ಅಂತ ಯಾರೂ ಬಾಗಿಲು ತಟ್ಟಲ್ಲ. ಮನೆ ಬಿಟ್ಟರೆ ಸೂರೂ ಹೋಯ್ತು ಕೂಲಿನೂ ಹೋಯ್ತು, ಅದಕ್ಕೇ ವರ್ಷಗಟ್ಟಲೆ ತಡ್ಕೊಂಡು, ತಡ್ಕೊಳ್ಳೋಕೆ ಆಗದೇ ಇದ್ದಾಗ ಉಟ್ಟ ಬಟ್ಟೇಲಿ ಮಗು ಎತ್ಕೊಂಡು ಬಂದಿರ್ತಾರೆ, ಕೈಲಿ ಆಧಾರ್ ಕಾರ್ಡೂ ಇರಲ್ಲ. ಮೊದಲ ರಾತ್ರಿ ಎದ್ದೆದ್ದು ಚಿಲಕ ಮುಟ್ಟಿ ನೋಡ್ತಾರೆ. ಒಬ್ಬ ತಂಗಿ ಊಟಕ್ಕೂ ಬಾಗಿಲಿಗೆ ಬೆನ್ನು ಹಾಕಿ ಕೂರ್ತಿರಲಿಲ್ಲ, ತಟ್ಟೆ ತಗೊಂಡು ಮೂಲೆಗೇ ಹೋಗೋಳು.

ನಾನೂ ಹಾಗೇ ಬಂದವಳು. ಸಹಿಸ್ಕೋ, ಕ್ಷಮಿಸು, ಪ್ರಾರ್ಥನೆ ಮಾಡು ಅಂತ ನಮ್ಮ ನಂಬಿಕೆಯವರೇ ನನ್ನ ವಾಪಸ್ ಕಳಿಸಿದ್ರು, ದೇವರೂ ಅವರ ಕಡೆನೇ ಅನ್ಕೊಂಡಿದ್ದೆ. ಆಮೇಲೆ ಒಬ್ಬ ಹಿರಿಯಕ್ಕ ಪಕ್ಕದಲ್ಲಿ ಕೂರಿಸ್ಕೊಂಡು ಬೈಬಲಿನ 55ನೇ ಕೀರ್ತನೆ ಓದಿಸಿದ್ರು. ವೈರಿ ಹೀಗೆ ಮಾಡಿದ್ರೆ ತಾಳ್ಕೊಳ್ತಿದ್ದೆ, ಜೊತೇಲಿದ್ದ ನೀನೇ ಮಾಡಿದೆಯಲ್ಲ ಅಂತ ದೇವರ ಮುಂದೆ ಗೋಳಾಡೋ ಕೀರ್ತನೆ ಅದು. ನಂಗೆ ಯಾರ ಹತ್ರನೂ ಹೇಳೋಕೆ ಆಗದೇ ಇದ್ದಿದ್ದು ಅಲ್ಲಿ ಬರೆದಿತ್ತು, ತುಂಬಾ ಹೊತ್ತು ಅತ್ತೆ. ಬೈಬಲಿನದೇ 2 ಸಮುವೇಲ ಅನ್ನೋ ಪುಸ್ತಕದ 13ನೇ ಅಧ್ಯಾಯದಲ್ಲಿ ತಾಮಾರಳನ್ನ ಮಲಸಹೋದರನೇ ಕೆಡಿಸ್ತಾನೆ, ಸ್ವಂತ ಅಣ್ಣ ಸುಮ್ಮನಿರು ಅಂತಾನೆ, ಅಪ್ಪ ದಾವೀದ ರಾಜ ಸಿಟ್ಟು ಮಾಡ್ಕೊಂಡಿದ್ದು ಬಿಟ್ರೆ ಮಗಳಿಗೋಸ್ಕರ ಏನು ಮಾಡಿದ ಅಂತ ಒಂದು ಮಾತೂ ಇಲ್ಲ. ಅರಮನೆಯವರು ಮುಚ್ಚಿಟ್ಟಿದ್ದನ್ನ ಬೈಬಲ್ ಮುಚ್ಚಿಡಲಿಲ್ಲ. ಯೇಸುಸ್ವಾಮಿ ಸತ್ತು ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆ ಗಾಯದ ಗುರುತು ಹಾಗೇ ಇತ್ತು. ನನ್ನ ಮೈಮೇಲಿನ ಗುರುತು ನೋಡಿ ನಾಚ್ಕೊಳ್ಳೋದು ಬಿಟ್ಟಿದ್ದು ಆಗಲೇ. ಕ್ಷಮಿಸೋದು ಅಂದ್ರೆ ಹೊಡೆಯೋನ ಮನೆಗೆ ತಿರುಗಿ ಹೋಗಲೇಬೇಕು ಅಂತಲ್ಲ, ಇದನ್ನ ನಮ್ಮಲ್ಲಿಗೆ ಬರೋ ಪ್ರತಿಯೊಬ್ಬರಿಗೂ ಹೇಳ್ತೀವಿ.

ಹಾಗಂತ ಯಾರ ಜಾತಿ ಧರ್ಮ ನಾವು ಕೇಳಲ್ಲ. ಸಂಜೆ ಪ್ರಾರ್ಥನೆಗೆ ಬಂದ್ರೆ ಸಂತೋಷ, ಬರದೇ ಇದ್ರೂ ಊಟ, ರೂಮು, ಪ್ರೀತಿ ಎಲ್ಲಾ ಅಷ್ಟೇ. ಪ್ರಾರ್ಥನೆ ಒಂದೇ ಸಾಕು ಅಂತಾನೂ ನಾವು ಹೇಳಲ್ಲ, ಡಾಕ್ಟರ್ ಹತ್ರ, ಕೌನ್ಸೆಲಿಂಗಿಗೆ, ಕೋರ್ಟಿಗೆ ಜೊತೇಲಿ ಹೋಗ್ತೀವಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ಗಂಡ ಹತ್ರ ಬರಬಾರದು ಅಂತ ಕೋರ್ಟಿಂದ ಆರ್ಡರ್ ತಗೋಬಹುದು, ಜೀವನಾಂಶ ಕೇಳಬಹುದು, ಆದ್ರೆ ಡೇಟ್ ಇದ್ದಾಗೆಲ್ಲ ಬಸ್ ಚಾರ್ಜು, ಜೆರಾಕ್ಸು, ಆ ದಿನದ ಕೂಲಿ ಯಾರು ಕೊಡ್ತಾರೆ ಹೇಳಿ.

ಮನೆ ಅಡ್ವಾನ್ಸಿಗೆ, ಈ ಓಡಾಟದ ಖರ್ಚಿಗೆ ನಿಮ್ಮ ಕೈಲಾದಷ್ಟು ಕೊಡಿ, 100 ರೂಪಾಯಿ ಆದ್ರೂ ಪರವಾಗಿಲ್ಲ. ಕಂಬಳಿ, ಅಕ್ಕಿ, ಮಕ್ಕಳ ಸ್ವೆಟರ್, ಓಡೋ ಹೊಲಿಗೆ ಮಿಷನ್ ಇದ್ರೂ ತಿಳಿಸಿ, ನಾವೇ ಬಂದು ತಗೊಂಡು ಹೋಗ್ತೀವಿ. ಈ ಮೆಸೇಜ್ ಕಳಿಸಿದವರಿಗೇ ಫೋನ್ ಮಾಡಿ, ಅಕೌಂಟ್ ಡೀಟೇಲ್ಸ್ ಕೊಡ್ತಾರೆ, ಪ್ರತಿ ರೂಪಾಯಿಗೂ ರಸೀದಿ ಇರುತ್ತೆ. ಮನೆ ಅಡ್ರೆಸ್ ಮಾತ್ರ ದಯವಿಟ್ಟು ಕೇಳಬೇಡಿ, ಹುಡುಕ್ಕೊಂಡು ಬರೋರು ಇದ್ದಾರೆ. ನಿಮಗೆ ಗೊತ್ತಿರೋ ಯಾರಾದ್ರೂ ಇಂಥ ಕಷ್ಟದಲ್ಲಿದ್ರೆ ಮಹಿಳಾ ಸಹಾಯವಾಣಿ 181 ನಂಬರ್ ಇವತ್ತೇ ಕೊಡಿ.