ವೆಂಟಿಲೇಟರಿನಲ್ಲಿರುವವರ ನೋವನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು, ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್. ಕುಂಬಳೆ, ಪೆರ್ಲ, ಮುಳ್ಳೇರಿಯದಿಂದ ತಲಪಾಡಿ ದಾಟಿ ಬರುವ ರೋಗಿಗಳು ನಮ್ಮಲ್ಲಿ ಜಾಸ್ತಿ. ನಾನು ಊರಿನವಳು ಅಂತ ಗೊತ್ತಾದರೆ ಮನೆಯವರು ಹತ್ತಿರ ಬಂದು ಮೆಲ್ಲ ಹೇಳುತ್ತಾರೆ: "ಸಿಸ್ಟರ್, ಅಮಲಿನ ಮದ್ದು ಮಾತ್ರ ಕೊಡ್ಬೇಡಿ." ಅವರು ಹೇಳುವುದು ಮಾರ್ಫಿನ್, ಫೆಂಟಾನಿಲ್‌ನಂಥ ಬಲವಾದ ನೋವಿನ ಮದ್ದುಗಳನ್ನು. ಈ ಭಯದ ಬಗ್ಗೆಯೇ ಈ ಪತ್ರ.

ಭಯ ಸುಮ್ನೆ ಬಂದದ್ದಲ್ಲ. ನಮ್ಮ ಕೇರಳದಲ್ಲಿ ಪಾಲಿಯೇಟಿವ್ ನರ್ಸ್‌ಗಳು, ಅಂದರೆ ದೊಡ್ಡ ಕಾಯಿಲೆಯವರ ನೋವು ತಗ್ಗಿಸಿ ಆರೈಕೆ ಮಾಡುವವರು, ಮನೆಮನೆಗೆ ಬರುತ್ತಾರೆ. 2008ರಲ್ಲೇ ಸರ್ಕಾರ ಇದಕ್ಕೊಂದು ನೀತಿ ಮಾಡಿತು. ಅದು ನಮ್ಮ ಭಾಗ್ಯ. ಆದರೆ ಊರಿನವರು ಮಾರ್ಫಿನ್ ಮಾತ್ರೆ ನೋಡಿದ್ದು ಕ್ಯಾನ್ಸರ್ ಬಂದವರ ತಲೆದಿಂಬಿನ ಪಕ್ಕದಲ್ಲೇ. ಹಾಗಾಗಿ ಐಸಿಯುನಲ್ಲಿ ಅದೇ ಹೆಸರು ಕೇಳಿದರೆ, ಡಾಕ್ಟರು ಕೈಬಿಟ್ಟರು ಅಂತ ಎದೆ ಒಡೆದುಕೊಳ್ಳುತ್ತಾರೆ.

ಅಡಿಕೆ ಮರದಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡು ಬಂದವರನ್ನು ನೆನೆಯಿರಿ. ವೆಂಟಿಲೇಟರ್ ಎಂಬ ಉಸಿರಾಟದ ಯಂತ್ರಕ್ಕಾಗಿ ಬಾಯಿಂದ ಶ್ವಾಸನಾಳದವರೆಗೆ ಟ್ಯೂಬು. ಅದು ಧ್ವನಿಪೆಟ್ಟಿಗೆಯ ಮಧ್ಯದಿಂದಲೇ ಹೋಗುವುದರಿಂದ ಮಾತು ಬರುವುದಿಲ್ಲ. ಕಫ ಎಳೆಯುವಾಗ ನೋವು, ಮಗ್ಗುಲು ಬದಲಿಸುವಾಗ ನೋವು. ಅಂಥ ಒಬ್ಬರ ತಮ್ಮ ನನ್ನಲ್ಲಿ ಕೇಳಿದರು: "ಅಣ್ಣ ಮಲಗಿದ್ದಾನಲ್ಲ ಸಿಸ್ಟರ್, ಮತ್ತೆ ನೋವಿನ ಮದ್ದು ಎಂತಕ್ಕೆ?" ಮಿಡಜೋಲಮ್, ಪ್ರೊಪೊಫಾಲ್ ನಿದ್ದೆ ಬರಿಸುತ್ತವೆ, ನೋವು ತೆಗೆಯುವುದಿಲ್ಲ. ಕಣ್ಣು ಮುಚ್ಚಿದೆ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಮೊದಲು ನೋವು ಕಡಿಮೆ ಮಾಡಿ, ಬೇಕಾದರೆ ಮಾತ್ರ ಆಮೇಲೆ ನಿದ್ದೆಯ ಮದ್ದು ಕೊಡಿ ಎಂದೇ ಅಮೆರಿಕದ ಕ್ರಿಟಿಕಲ್ ಕೇರ್ ಸೊಸೈಟಿಯ 2018ರ ಮಾರ್ಗಸೂಚಿಯೂ ಹೇಳುತ್ತದೆ.

ಮಾತಾಡಲಾರದವರ ನೋವು ನಮಗೆ ಹೇಗೆ ಗೊತ್ತಾಗುತ್ತದೆ? ಮುಖ ಸಿಂಡರಿಸುತ್ತಾರಾ, ಕೈ ಬಿಗಿಹಿಡಿಯುತ್ತಾರಾ, ವೆಂಟಿಲೇಟರಿನ ಜೊತೆ ಗುದ್ದಾಡುತ್ತಾರಾ ಅಂತ ನೋಡಿ 3ರಿಂದ 12ರವರೆಗೆ ಅಂಕ ಕೊಡುತ್ತೇವೆ. ಅಂಕ ಹೆಚ್ಚಾದಷ್ಟು ನೋವು ಹೆಚ್ಚು. ಬಿಪಿ, ನಾಡಿ ಏರಿದ್ದನ್ನು ಮಾತ್ರ ನಂಬಿ ಕೂರುವಂತಿಲ್ಲ. ಮನೆಯವರು ದಿನಕ್ಕೊಮ್ಮೆ "ಇವತ್ತು ನೋವಿನ ಅಂಕ ಎಷ್ಟು?" ಅಂತ ಕೇಳಬೇಕು. ಕೇಳಿದರೆ ನಮಗೆ ಬೇಸರವಿಲ್ಲ, ಖುಷಿಯೇ.

ಇನ್ನು ಯಾವ ಮದ್ದು ಎಂಬ ಪ್ರಶ್ನೆ. ಎಲ್ಲರಿಗೂ ಒಂದೇ ಆಗುವುದಿಲ್ಲ. ಮಾರ್ಫಿನ್ ಹಳೆಯದು, ಅಗ್ಗ, ಒಳ್ಳೆಯದು. ಆದರೆ ದೇಹದಲ್ಲಿ ಅದರಿಂದ ಹುಟ್ಟುವ ಇನ್ನೊಂದು ವಸ್ತುವಿಗೂ ಮದ್ದಿನ ಶಕ್ತಿ ಇದೆ, ಅದು ಹೊರಗೆ ಹೋಗಬೇಕಾದದ್ದು ಕಿಡ್ನಿಯಿಂದ. ಕಿಡ್ನಿ ಕೆಟ್ಟಿದ್ದರೆ ಒಳಗೇ ಸೇರುತ್ತಾ ಹೋಗಿ ರೋಗಿ ಎಚ್ಚರವಾಗಲು ತುಂಬ ತಡವಾಗುತ್ತದೆ. ಬಿಪಿಯೂ ಇಳಿಯಬಹುದು. ಅಂಥವರಿಗೆ ಫೆಂಟಾನಿಲ್ ವಾಸಿ. ಬೇಗ ಕೆಲಸ ಮಾಡುತ್ತದೆ, ಬಿಪಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಆದರೆ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಶಕ್ತಿಯದು, ದಿನಗಟ್ಟಲೆ ಹರಿಸಿದರೆ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನ ಬಿಡುತ್ತದೆ. ರೆಮಿಫೆಂಟಾನಿಲ್ ರಕ್ತದಲ್ಲೇ ಕರಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಕಿಡ್ನಿಯ ಹಂಗಿಲ್ಲ. ನಿಲ್ಲಿಸಿದ ಕೂಡಲೇ ನೋವೂ ವಾಪಸು ಬರುತ್ತದೆ, ಬೇರೆ ಮದ್ದು ಮೊದಲೇ ಶುರು ಮಾಡಿರಬೇಕು. ಯಾವುದಾದರೂ ಸರಿ, ಜೊತೆಗೆ ಪ್ಯಾರಾಸಿಟಮಾಲ್ ಕೊಟ್ಟರೆ ಡೋಸ್ ಕಡಿಮೆ ಸಾಕಾಗಬಹುದು. ಡೋಸ್ ಮಿತಿ ಮೀರಿದರೆ ಉಸಿರಾಟ ಮಂದವಾಗಿ ವೆಂಟಿಲೇಟರ್ ತೆಗೆಯುವುದೇ ಮುಂದಕ್ಕೆ ಹೋಗುತ್ತದೆ. ಮಲಬದ್ಧತೆಯಂತೂ ಸಾಮಾನ್ಯ, ಅದಕ್ಕೆ ಮೊದಲ ದಿನದಿಂದಲೇ ಮದ್ದು ಬೇಕು.

ಇನ್ನು, ಈ ಮದ್ದಿನಿಂದ ಚಟ ಹತ್ತುತ್ತದೆ ಎಂಬ ಭಯದ ಮಾತು. ಹಲವು ದಿನ ಕೊಟ್ಟದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಬೆವರು, ನಡುಕ, ಚಡಪಡಿಕೆ ಬರಬಹುದು. ಅದು ಚಟವಲ್ಲ, ದೇಹ ಹೊಂದಿಕೊಂಡದ್ದು. ಅದಕ್ಕೇ ಮೆಲ್ಲಮೆಲ್ಲ ಇಳಿಸುತ್ತೇವೆ. ಇವು ಬೀಗದೊಳಗೆ ಇಡುವ, ರಿಜಿಸ್ಟರಿನಲ್ಲಿ ಲೆಕ್ಕ ಬರೆಯುವ ಮದ್ದುಗಳು. ಮಾದಕ ವಸ್ತುಗಳ ಬಗ್ಗೆ ಇರುವ 1985ರ ಕಾನೂನು ಬಹಳ ಬಿಗಿಯಾಗಿತ್ತು. ನೋವಿನಲ್ಲಿರುವವರಿಗೆ ಸಿಗಲಿ ಎಂದೇ ಸಂಸತ್ತು 2014ರಲ್ಲಿ ಅದನ್ನು ತಿದ್ದಿತು. ಕಾನೂನೇ ದಾರಿ ಬಿಟ್ಟ ಮೇಲೆ ಮನೆಯವರ ಭಯದಿಂದ ರೋಗಿ ನರಳುವುದು ಸರಿಯಲ್ಲ, ಅಲ್ವಾ?

ಮನೆಯವರಲ್ಲಿ ನನ್ನ ವಿನಂತಿ: ಕಿಡ್ನಿ, ಲಿವರ್ ತೊಂದರೆ, ಕುಡಿಯುವ ಅಭ್ಯಾಸ, ಮೊದಲೇ ತಿನ್ನುತ್ತಿದ್ದ ನೋವಿನ ಮಾತ್ರೆ, ಯಾವುದನ್ನೂ ನಾಚಿಕೆಯಿಂದ ಮುಚ್ಚಿಡಬೇಡಿ. ಮದ್ದು ಆರಿಸುವುದು ಇದರ ಮೇಲೆಯೇ. ಕಾಸರಗೋಡು ಜಿಲ್ಲೆಯಿಂದ ರೋಗಿಗಳನ್ನು ಕಳಿಸುವ ಡಾಕ್ಟರುಗಳಲ್ಲಿಯೂ ಒಂದು ಕೋರಿಕೆ. ರೆಫರಲ್ ಚೀಟಿಯಲ್ಲಿ ಎಷ್ಟೋ ಸಲ "ನೋವಿನ ಇಂಜೆಕ್ಷನ್ ಕೊಟ್ಟಿದೆ" ಎಂದಷ್ಟೇ ಇರುತ್ತದೆ. ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ, ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್ ಎಷ್ಟು ಎಂದು ಬರೆಯಿರಿ. ಆಗ ರೋಗಿ ಎಚ್ಚರವಾಗದಿರುವುದು ಮದ್ದಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಎಂದು ತಿಳಿಯಲು ನಮಗೆ ದಾರಿ ಸಿಗುತ್ತದೆ.

— ಐಸಿಯು ನರ್ಸ್, ಬದಿಯಡ್ಕ