ಗೆಳೆಯನಿಗೊಂದು ಪತ್ರ: ಬೀಳುವುದನ್ನು ಕಲಿತ ಭಾನುವಾರ

ಬೆಳಗಾವಿ
ಭಾನುವಾರ ರಾತ್ರಿ

ಪ್ರಿಯ ಮಲ್ಲಪ್ಪ,

ಇವತ್ತು ನಡೆದದ್ದನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮೂರ ಗರಡಿಮನೆಯಲ್ಲಿ ನನ್ನ ಜೊತೆಗೆ ಮೈತುಂಬ ಮಣ್ಣು ಮೆತ್ತಿಕೊಂಡವನು ನೀನು, ಆದ್ದರಿಂದ ಸಾವಕಾಶವಾಗಿ ಬರೆಯಬೇಕೆನಿಸಿತು. ಮಗಳನ್ನು ಸೇರಿಸಲೆಂದು ಟಿಳಕವಾಡಿಯ ಒಂದು ಜೂಡೊ ಶಾಲೆಗೆ ಹೋಗಿದ್ದೆ. ಮೊದಲ ದಿನದ ತರಗತಿ ಪುಕ್ಕಟೆ, ಪಾಲಕರೂ ಇಳಿಯಬಹುದು ಎಂದರು. ನಲವತ್ತೆರಡು ವರ್ಷದ ಈ ಹೊಟ್ಟೆಯನ್ನು ಹೊತ್ತುಕೊಂಡು ನಾನೂ ಇಳಿದೆ.

ಒಳಗೆ ಬಿಡುವ ಮೊದಲು ಎಲ್ಲರ ಉಗುರು ನೋಡಿದರು, ಉಂಗುರ ಮತ್ತು ಕೈಗಡಿಯಾರ ತೆಗೆಸಿದರು. ಮಕ್ಕಳೆಲ್ಲ ಮ್ಯಾಟಿನ ಅಂಚಿನಲ್ಲಿ ನಿಂತು ತಲೆಬಾಗಿ ಒಳಗೆ ಹೋದರು. ಗೋಡೆಯ ಮೇಲೆ ಜಿಗೊರೊ ಕಾನೊ ಅವರ ಭಾವಚಿತ್ರವಿತ್ತು. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಅವರು ಈ ವಿದ್ಯೆಯನ್ನು ಆರಂಭಿಸಿದರಂತೆ. ಹನುಮಪ್ಪನ ಫೋಟೋಕ್ಕೆ ಕೈಮುಗಿದು, ಚಿಟಿಕೆ ಕೆಮ್ಮಣ್ಣನ್ನು ಹಣೆಗೆ ಹಚ್ಚಿಕೊಂಡು ಕುಸ್ತಿಗೆ ಇಳಿಯುತ್ತಿದ್ದ ನಮಗೆ ಇದರಲ್ಲಿ ಪರಕೀಯವಾದುದೇನೂ ಇಲ್ಲ.

ಪರಕೀಯವೆನಿಸಿದ್ದು ಪಾಠ. "ಇವತ್ತು ಯಾರೂ ಯಾರನ್ನೂ ಎತ್ತಿ ಒಗಿಯೂದಿಲ್ಲ, ಬರೇ ಬೀಳೂದು" ಎಂದರು ತರಬೇತುದಾರರು. ಹೀಗೆ ಬೀಳುವುದಕ್ಕೆ ಜಪಾನಿಯಲ್ಲಿ ಉಕೆಮಿ ಎಂದು ಹೆಸರು. ಕುಕ್ಕರುಗಾಲಿನಲ್ಲಿ ಕುಳಿತು, ಗದ್ದವನ್ನು ಎದೆಗೆ ಒತ್ತಿ, ಕಣ್ಣನ್ನು ನಡುಪಟ್ಟಿಯ ಗಂಟಿನ ಮೇಲಿಟ್ಟು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹಿಂದಕ್ಕೆ ಉರುಳಬೇಕು. ಬೆನ್ನು ಮ್ಯಾಟಿಗೆ ತಾಕುವ ಕ್ಷಣದಲ್ಲೇ, ಮೈಯಿಂದ ತುಸು ದೂರಕ್ಕೆ ಚಾಚಿದ ಎರಡೂ ತೋಳುಗಳನ್ನು ಅಂಗೈ ಕೆಳಗಾಗಿ ಫಟ್ಟೆಂದು ಬಡಿದು ಉಸಿರು ಬಿಡಬೇಕು. ಹಾಗೆ ಬಡಿದರೆ ಪೆಟ್ಟು ಒಂದೇ ಎಲುಬಿನ ಮೇಲೆ ಕೂರದೆ ತೋಳು, ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಗದ್ದ ಒತ್ತಿದ್ದರೆ ಹಿಂದಲೆ ನೆಲಕ್ಕೆ ಬಡಿಯುವುದಿಲ್ಲ. ಬೀಳುವವನು ಸಹಜವಾಗಿ ಮಾಡುವ ಕೆಲಸವೆಂದರೆ ಹಿಂದಕ್ಕೆ ಕೈ ಊರುವುದು, ಮಣಿಕಟ್ಟು ಮುರಿಯುವುದೂ ಅದರಿಂದಲೇ.

ಇಷ್ಟೆಲ್ಲ ತಿಳಿದರೂ ನನ್ನ ಮೈ ಒಪ್ಪಲಿಲ್ಲ. ಹಿಂದಕ್ಕೆ ಉರುಳಿದಾಗಲೆಲ್ಲ ಸೊಂಟ ತಾನಾಗಿಯೇ ಹೊರಳಿ ಹೊಟ್ಟೆ ಕೆಳಗಾಗುತ್ತಿತ್ತು. ಯಾಕೆಂದು ನಿನಗೆ ಹೇಳಬೇಕೇ? ಬೆನ್ನಿಗೆ ಮಣ್ಣು ಹತ್ತಿತೆಂದರೆ ಚಿತ್ ಆದಂತೆ, ಊರಮುಂದೆ ಮಾನ ಹೋದಂತೆ ಎಂದು ಉಸ್ತಾದರು ಹತ್ತು ವರ್ಷ ನಮ್ಮ ತಲೆಗೆ ತುಂಬಿದ್ದರಲ್ಲವೇ! "ಸರ, ಬೆನ್ನು ಕೆಳಗ ಹಚ್ಚ್ರಿ, ಯಾರೂ ನಗೂದಿಲ್ಲ" ಎಂದರು ತರಬೇತುದಾರರು. ಮಕ್ಕಳು ಮಾತ್ರ ಧಾರಾಳವಾಗಿ ನಕ್ಕರು. ಕೊನೆಗೆ ಹನ್ನೊಂದು ವರ್ಷದ ನನ್ನ ಮಗಳೇ ಪಕ್ಕಕ್ಕೆ ಕುಳಿತು, "ಅಪ್ಪಾ, ಗಂಟು ನೋಡು" ಎಂದು ನಾಲ್ಕು ಸಲ ಉರುಳಿ ತೋರಿಸಿದಳು. ಬೀಳುವುದರಲ್ಲಿ ಸೋಲು ಇದೆಯೆಂದು ಅವಳಿಗೆ ಯಾರೂ ಇನ್ನೂ ಹೇಳಿಕೊಟ್ಟಿಲ್ಲ.

ಹಾಗೆಂದು ಜೂಡೊದಲ್ಲಿ ಬೆನ್ನಿಗೆ ಬೆಲೆಯಿಲ್ಲವೆಂದು ತಿಳಿಯಬೇಡ. ಎದುರಾಳಿಯನ್ನು ರಭಸದಿಂದ, ಹಿಡಿತ ತಪ್ಪದಂತೆ ಅಂಗಾತ ಎಸೆದರೆ ಅದು ಇಪ್ಪೊನ್, ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಒಬ್ಬನು ಚಿತ್ ಆಗುವವರೆಗೆ ನಡೆಯುವ ನಮ್ಮ ನಿಕಾಲಿ ಕುಸ್ತಿಗೆ ಅದು ದೂರದ ನೆಂಟನೇ ಸರಿ. ಆದರೆ ದಿನದ ಅಭ್ಯಾಸದಲ್ಲಿ ಜೊತೆಗಾರನು ನೂರು ಸಲ ಎಸೆಯಬೇಕು, ನಾವು ನೂರು ಸಲ ಎಸೆಸಿಕೊಳ್ಳಬೇಕು. ಬೀಳಲು ಹೆದರುವವನ ಮೈ ಸೆಟೆದುಕೊಳ್ಳುತ್ತದೆ, ಸೆಟೆದ ಮೈಯನ್ನು ಎಸೆದರೆ ಇಬ್ಬರಿಗೂ ಪೆಟ್ಟು. ಗರಡಿಯ ಹದಮಾಡಿದ ಮಣ್ಣು ನಮಗಾಗಿ ಪೆಟ್ಟು ತಗ್ಗಿಸುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತೆಂದು ನನಗೆ ಇವತ್ತೇ ಹೊಳೆದದ್ದು.

ತರಗತಿ ಮುಗಿದ ಮೇಲೆ ಒಬ್ಬ ಪಾಲಕರು, ಕಪ್ಪು ಬೆಲ್ಟ್ ಎಷ್ಟು ತಿಂಗಳಿಗೆ ಸಿಗುತ್ತದೆ ಎಂದು ಕೇಳಿದರು. ತರಬೇತುದಾರರು, ಮೊದಲು ಬಿಳಿ ಬೆಲ್ಟಿನ ಗಂಟು ಸರಿಯಾಗಿ ಕಟ್ಟಲು ಕಲಿಯಲಿ ಎಂದರು. ಆ ಉತ್ತರ ಕೇಳಿಯೇ ನಾನು ಮಗಳ ಹೆಸರು ಬರೆಸಿದೆ, ನನ್ನದನ್ನೂ ಬರೆಸಿದೆ.

ಸಂಜೆ ಊರಿಗೆ ಫೋನ್ ಮಾಡಿದಾಗ ಅಪ್ಪ, ಏನು ಕಲಿಸಿದರು ಎಂದು ಕೇಳಿದರು. ಬೀಳುವುದನ್ನು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದಕ್ಕ ರೊಕ್ಕ ಕೊಡಬೇಕೇನು?" ಎಂದರು.

ಎಡಭುಜ ನೋಯುತ್ತಿದೆ, ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸು. ಮುಂದಿನ ತಿಂಗಳು ಬಂದಾಗ ಒಂದು ಭಾನುವಾರ ಉಳಿದುಕೋ. ನಿನ್ನ ಬೆನ್ನು ನೆಲಕ್ಕೆ ತಾಕುವುದನ್ನು ನಾನು ಇದುವರೆಗೆ ನೋಡಿಲ್ಲ.

ನಿನ್ನ,
ಬಸು