ಕೇಳಿಸಿಕೊಳ್ಳುವವರು ಇದ್ದಾರೆ, ಕೇಳುವವರಿಲ್ಲ

ಮಾನ್ಯ ಸಂಪಾದಕರೇ,

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೇರೆ ಊರಿಗೆ ಫೋನ್ ಮಾಡಲು ನಮ್ಮ ಹತ್ತಿರ ಬುಕ್ ಮಾಡಬೇಕಿದ್ದ ಟ್ರಂಕ್ ಕಾಲ್ ಕಾಲದವಳು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ‘ಮೂರು ನಿಮಿಷ ಆಯ್ತು, ಇನ್ನೂ ಮಾತಾಡ್ತೀರಾ?’ ಅಂತ ದಿನಕ್ಕೆ ನೂರು ಸಲ ಕೇಳಿದವಳು. ಬೇರೆಯವರ ಮಾತು ಕಿವಿಗೆ ಬೀಳುವುದು ಅಂದರೇನು ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಈ ಪತ್ರ.

ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಈಗ ಅಲ್ಲಿನ ಪ್ರಜೆ. ಭಾನುವಾರ ರಾತ್ರಿ ಫೋನ್ ಮಾಡುತ್ತಾಳೆ, ಮಂಡಿನೋವು, ಮನೆ ಬಾಡಿಗೆ, ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಿದೆ, ಇಂಥವೇ ಮಾತು. ಮೊನ್ನೆ ಅವಳೇ ಹೇಳಿದಳು, ‘ಅಮ್ಮ, ಈ ಫೋನಿನಲ್ಲಿ ನನ್ನ ತುದಿಗೊಂದು ಕಾನೂನು, ನಿನ್ನ ತುದಿಗೊಂದು.’ ನಾನು ನಕ್ಕೆ. ಆಮೇಲೆ ಓದಿ ನೋಡಿದರೆ ನಿಜ.

ವಿದೇಶಿ ಗೂಢಚಾರಿಕೆಗೆ ಅಂತ ಇರುವ ಅಮೆರಿಕದ ಫೀಸಾ ಕಾನೂನಿಗೆ 2008ರಲ್ಲಿ 702ನೇ ಸೆಕ್ಷನ್ ಅಂತ ಒಂದನ್ನು ಸೇರಿಸಿದರು. ಅಮೆರಿಕದ ಪ್ರಜೆಯಲ್ಲದ, ಗ್ರೀನ್ ಕಾರ್ಡೂ ಇಲ್ಲದ, ಆ ದೇಶದ ಹೊರಗಿರುವ ಯಾರನ್ನಾದರೂ ಗುರಿ ಮಾಡಿ ಅವರ ಮೇಲ್, ಮೆಸೇಜು, ಫೋನ್ ಮಾತು ತೆಗೆದುಕೊಳ್ಳಬಹುದು. ಒಬ್ಬೊಬ್ಬರಿಗೂ ಬೇರೆ ಬೇರೆ ವಾರಂಟ್ ಬೇಕಿಲ್ಲ. ಅವರು ಭಯೋತ್ಪಾದಕರೇ ಆಗಿರಬೇಕು ಅಂತಲೂ ಇಲ್ಲ, ಅಮೆರಿಕದ ವಿದೇಶಾಂಗ ವ್ಯವಹಾರಕ್ಕೆ ಬೇಕಾದ ಮಾಹಿತಿ ಅವರ ಹತ್ತಿರ ಇದ್ದರೂ ಸಾಕು. ಹೀಗೆ ಗುರಿಯಾದವರು 2013ರಲ್ಲಿ 89,138 ಅಂತ ಅವರ ಸರ್ಕಾರವೇ ಅಂದಾಜು ಕೊಟ್ಟಿತ್ತು. 2023ಕ್ಕೆ ಅದು 2,68,590. ಬಾಂಬು ಹಾಕುವವರನ್ನು ಹಿಡಿಯಬೇಡಿ ಅಂತ ಯಾರೂ ಹೇಳುತ್ತಿಲ್ಲ. ಮುಂಬೈ ನೋಡಿದ ದೇಶ ನಮ್ಮದು. ಆದರೆ ಇಷ್ಟೂ ಜನ ಬಾಂಬು ಹಾಕುವವರಾ?

2024ರ ಏಪ್ರಿಲ್‌ನಲ್ಲಿ ಈ ಸೆಕ್ಷನ್ನನ್ನು ಇನ್ನೆರಡು ವರ್ಷ ಮುಂದುವರಿಸುವಾಗ ಅಲ್ಲಿ ಭಾರಿ ಜಗಳವಾಯಿತು. ವಿದೇಶದವರ ಜೊತೆ ಮಾತಾಡುವಾಗ ಸಿಕ್ಕಿಬಿದ್ದ ಅಮೆರಿಕನ್ನರ ಮಾತನ್ನು ಹುಡುಕಬೇಕಾದರೆ ವಾರಂಟ್ ಬೇಕು ಅಂತ ಒಂದು ತಿದ್ದುಪಡಿ ಬಂತು. ಕೆಳಮನೆಯಲ್ಲಿ ವೋಟು ಸರಿಸಮ, 212–212. ಸಮ ಬಿದ್ದರೆ ಬಿದ್ದುಹೋದ ಹಾಗೆಯೇ. ಒಂದೇ ಒಂದು ವೋಟು ನೋಡಿ! ಮಗಳು ಬೇಜಾರು ಮಾಡಿಕೊಂಡಳು. ನನಗೆ ಹೊಳೆದದ್ದು ಬೇರೆ. ಆ ತಿದ್ದುಪಡಿ ಗೆದ್ದಿದ್ದರೂ ವಾರಂಟ್ ಅವಳ ತುದಿಗೆ ಮಾತ್ರ. ನನ್ನ ತುದಿಯ ಮಾತೇ ಆ ಸಭೆಯಲ್ಲಿ ಇರಲಿಲ್ಲ. ಯಾಕಿರುತ್ತೆ? ನಾನು ಅಲ್ಲಿ ವೋಟು ಹಾಕುವವಳಲ್ಲವಲ್ಲ.

‘ಅಜ್ಜಿ, ವಾಟ್ಸ್‌ಆ್ಯಪ್ ಮಾತಿಗೆ ಬೀಗ ಇರುತ್ತೆ, ಸುಮ್ನಿರಿ’ ಅಂತ ಮೊಮ್ಮಗ ಸಮಾಧಾನ ಹೇಳಿದ. ಇರಲಿ. ಆದರೆ ಯಾರು ಯಾರಿಗೆ ಯಾವಾಗ ಮಾಡಿದರು, ಎಷ್ಟು ಹೊತ್ತು ಮಾತಾಡಿದರು ಅನ್ನುವುದಕ್ಕೆ ಬೀಗ ಇಲ್ಲ. 2013ರಲ್ಲಿ, ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಗೆ ಕೆಲಸ ಮಾಡಿದ್ದ ಸ್ನೋಡೆನ್ ಅನ್ನುವವರು ಬಯಲು ಮಾಡಿದ ಗುಟ್ಟಿನ ಕಾಗದಗಳು ಹೊರಬಿದ್ದಾಗ, ಆ ವರ್ಷದ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ 630 ಕೋಟಿ ಮಾಹಿತಿ ತುಣುಕು ಆ ಸಂಸ್ಥೆಗೆ ಹೋಗಿದೆ, ಲೆಕ್ಕದಲ್ಲಿ ನಮ್ಮದು ಐದನೇ ಜಾಗ ಅಂತ ಗೊತ್ತಾಯಿತು. ಆಗ ನಮ್ಮ ವಿದೇಶಾಂಗ ಮಂತ್ರಿಗಳು, ಇದು ಗೂಢಚಾರಿಕೆಯೇನಲ್ಲ, ಕರೆಗಳ ವಿನ್ಯಾಸವನ್ನು ಕಂಪ್ಯೂಟರ್ ನೋಡುವುದಷ್ಟೇ ಅನ್ನೋ ಅರ್ಥದ ಮಾತಾಡಿದರು.

ಅಷ್ಟೇನಾ? ಸ್ವಲ್ಪ ನಮ್ಮ ಎಕ್ಸ್‌ಚೇಂಜಿಗೆ ಬನ್ನಿ. ಟ್ರಂಕ್ ಕಾಲ್ ಬುಕ್ ಆದರೆ ನಾವು ಒಂದು ಟಿಕೆಟ್ ಬರೆಯುತ್ತಿದ್ದೆವು. ಅಂಗೈಯಷ್ಟು ಕಾಗದ. ಯಾವ ನಂಬರು, ಯಾವ ಊರು, ಆರ್ಡಿನರಿಯೋ ಅರ್ಜೆಂಟೋ, ಎಷ್ಟಕ್ಕೆ ಶುರು, ಎಷ್ಟು ನಿಮಿಷ. ಮಾತು ಒಂದಕ್ಷರವೂ ಅದರಲ್ಲಿಲ್ಲ. ಆದರೂ ಸಂಜೆ ಟಿಕೆಟ್ ಕಟ್ಟು ಕಟ್ಟುವಾಗ ಊರೇ ಕಣ್ಣಮುಂದೆ ಇರುತ್ತಿತ್ತು. ಅಡಿಕೆ ಮಂಡಿಯವರು ವಾರದಲ್ಲಿ ಮೂರು ಸಲ ಮಂಗಳೂರಿನ ವಕೀಲರಿಗೆ ಅರ್ಜೆಂಟ್ ಕಾಲ್ ಮಾಡಿದರೆ ಏನರ್ಥ? ಒಂದು ಮನೆಯಿಂದ ಮಣಿಪಾಲದ ಆಸ್ಪತ್ರೆಗೆ ರಾತ್ರಿ ಹನ್ನೊಂದಕ್ಕೆ ಎರಡು ನಿಮಿಷ, ಹಿಂದೆಯೇ ಬೊಂಬಾಯಿ, ಮದರಾಸಿಗೆ ಒಂದೊಂದು ನಿಮಿಷ. ಓದಲು ಬಾರದವರಿಗೂ ಅರ್ಥವಾಗುತ್ತೆ. ಮಾತು ಕೇಳದೆ ನನಗೆ ಅಷ್ಟು ತಿಳಿಯುತ್ತಿತ್ತು ಅಂದರೆ 630 ಕೋಟಿ ಟಿಕೆಟ್ ಇಟ್ಟುಕೊಂಡವರಿಗೆ ಎಷ್ಟು ತಿಳಿಯಬೇಡ.

ಮಾತನ್ನೇ ಇಟ್ಟುಕೊಂಡದ್ದೂ ಇದೆ. ಬಹಾಮಾಸ್ ಅಂತ ಪುಟ್ಟ ದ್ವೀಪ ದೇಶ, ಜನ ನಾಲ್ಕು ಲಕ್ಷದ ಆಸುಪಾಸು. ಅಲ್ಲಿನ ಹೆಚ್ಚು ಕಡಿಮೆ ಎಲ್ಲ ಮೊಬೈಲ್ ಮಾತನ್ನೂ ಅಮೆರಿಕದ ಎನ್‌ಎಸ್‌ಎ ರೆಕಾರ್ಡ್ ಮಾಡಿ 30 ದಿನ ಇಟ್ಟುಕೊಳ್ಳುತ್ತಿತ್ತು ಅಂತ 2014ರಲ್ಲಿ ಬಯಲಾಯಿತು. ಮಾದಕ ವಸ್ತು ಸಾಗಿಸುವವರನ್ನು ಹಿಡಿಯಲಂತೆ. ಅದಕ್ಕೆ ಇಡೀ ದೇಶದ ಅತ್ತೆ ಸೊಸೆ ಮಾತೆಲ್ಲ ಯಾಕೆ?

ನಮ್ಮ ಎಕ್ಸ್‌ಚೇಂಜಿನ ಕೌಂಟರಿಗೆ ದಾರ ಕಟ್ಟಿ ಕಂಪ್ಲೇಂಟ್ ಬುಕ್ ನೇತುಹಾಕಿದ್ದರು. ‘ಆಪರೇಟರ್ ಮಾತಿನ ಮಧ್ಯೆ ಲೈನಿನಲ್ಲಿದ್ದರು’ ಅಂತ ಒಬ್ಬ ಮೇಷ್ಟ್ರು ನನ್ನ ಮೇಲೆಯೇ ಬರೆದಿದ್ದರು. ನಾನು ಸೂಪರ್‌ವೈಸರ್ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಲೈನ್ ಸರಿ ಇದೆಯಾ ಅಂತ ನೋಡುತ್ತಿದ್ದೆ ಅಂದೆ. ಪೂರ್ತಿ ನಿಜ ಅಲ್ಲ. 1988ರಲ್ಲಿ ಫೋನ್ ಕದ್ದಾಲಿಕೆ ಆರೋಪಕ್ಕೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿಯನ್ನೇ ಬಿಟ್ಟರು. ಇಲ್ಲಿಯೂ ಕದ್ದು ಕೇಳುತ್ತಾರೆ, ಗೊತ್ತು. ಆದರೆ ಬರೆಯಲು ಒಂದು ಬುಕ್ ಇದೆ, ಕೋರ್ಟಿದೆ, ವೋಟಿದೆ. ಅಮೆರಿಕದವರು ಕೇಳಿಸಿಕೊಂಡರೆ ನಾನು ಯಾವ ಬುಕ್ಕಿನಲ್ಲಿ ಬರೆಯಲಿ?

ಹಾಗಂತ ಬುಕ್ ಇಲ್ಲವೇ ಇಲ್ಲ ಅಂತಲ್ಲ. ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಅನ್ನುವವರು ಪಟ್ಟು ಹಿಡಿದು ಕೇಸು ನಡೆಸಿ, 2020ರಲ್ಲಿ ಯುರೋಪಿನ ಕೋರ್ಟು, ಅಲ್ಲಿನ ಕದ್ದಾಲಿಕೆಯಿಂದ ನಮ್ಮವರಿಗೆ ಸರಿಯಾದ ರಕ್ಷಣೆ ಇಲ್ಲ ಅಂತ, ಅಮೆರಿಕಕ್ಕೆ ಮಾಹಿತಿ ಕಳಿಸುವ ಒಪ್ಪಂದವನ್ನೇ ರದ್ದು ಮಾಡಿತು. ಕಂಪನಿಗಳ ವ್ಯಾಪಾರಕ್ಕೆ ಕಲ್ಲು ಬಿತ್ತು ನೋಡಿ, ಆಗ ದಾರಿಗೆ ಬಂದರು. 2022ರ ಅಕ್ಟೋಬರ್‌ನಲ್ಲಿ ಆಗಿನ ಅಧ್ಯಕ್ಷ ಬೈಡನ್ ಒಂದು ಆದೇಶ ಹೊರಡಿಸಿ, ಅಮೆರಿಕ ಒಪ್ಪಿ ಪಟ್ಟಿಗೆ ಸೇರಿಸಿದ ದೇಶದವರು ದೂರು ಕೊಡಬಹುದು, ಅದಕ್ಕೊಂದು ವಿಶೇಷ ಕೋರ್ಟು ಅಂತ ಮಾಡಿದರು. ನಿಮ್ಮ ಮಾತು ಕೇಳಿದ್ದೇವೋ ಇಲ್ಲವೋ ಅಂತ ಅಲ್ಲೂ ಹೇಳುವುದಿಲ್ಲವಂತೆ, ಅದು ಬೇರೆ ಮಾತು. ಆದರೂ ಒಂದು ಬಾಗಿಲು. ಯುರೋಪ್ ಒಕ್ಕೂಟ, ಬ್ರಿಟನ್, ಸ್ವಿಟ್ಜರ್ಲೆಂಡ್ ಎಲ್ಲ ಪಟ್ಟಿಯಲ್ಲಿವೆ. ಭಾರತದ ಹೆಸರು ಅದರಲ್ಲಿ ಬರಲಿಲ್ಲ. ಜರ್ಮನಿಯಲ್ಲಂತೂ ಅದೇ 2020ರ ಮೇ ತಿಂಗಳಲ್ಲಿ, ನಮ್ಮ ಗೂಢಚಾರರು ಹೊರದೇಶದಲ್ಲಿರುವ ಪರದೇಶದವರ ಫೋನ್ ಕೇಳುವಾಗಲೂ ನಮ್ಮ ಸಂವಿಧಾನಕ್ಕೆ ಬದ್ಧರು ಅಂತ ಅವರ ಸಂವಿಧಾನ ಕೋರ್ಟೇ ಹೇಳಿತು. ಆಗದ ಕೆಲಸವೇನಲ್ಲ ಅಂತಾಯ್ತಲ್ಲ.

ನಮ್ಮ ಕಡೆಯದ್ದೂ ಒಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೋಸವಾಗುತ್ತೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕೇಸಿನಲ್ಲಿ. ಆ ಹಕ್ಕು ಬಂದದ್ದು ಸಂವಿಧಾನದ 21ನೇ ವಿಧಿಯಿಂದ, ಅಲ್ಲಿರುವ ಪದ ‘ವ್ಯಕ್ತಿ’, ‘ನಾಗರಿಕ’ ಅಲ್ಲ. ಅಂದರೆ ಪರದೇಶದವರೂ ಬಂದರು. ಆದರೆ 2023ರ ಡೇಟಾ ಕಾನೂನಿನಲ್ಲಿ, ಹೊರದೇಶದ ಗುತ್ತಿಗೆ ಮೇಲೆ ಇಲ್ಲಿನ ಕಂಪನಿಗಳು ನೋಡಿಕೊಳ್ಳುವ ವಿದೇಶದವರ ಮಾಹಿತಿಗೆ ಹೆಚ್ಚಿನ ರಕ್ಷಣೆ ಇಲ್ಲ ಅಂತ ವಿನಾಯಿತಿ ಕೊಟ್ಟಿದ್ದಾರೆ. ಅದರಲ್ಲಿ ಬೆಂಗಳೂರಿನ ಪಾಲು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಬಿಜೆಪಿಯ ಹೆಸರೂ ಎನ್‌ಎಸ್‌ಎ ಕದ್ದು ಕೇಳಬಹುದಾದವರ ಪಟ್ಟಿಯಲ್ಲಿತ್ತು ಅಂತ 2014ರಲ್ಲಿ ಸುದ್ದಿಯಾದಾಗ ನಮ್ಮ ಸರ್ಕಾರ ಅಮೆರಿಕದ ರಾಜತಾಂತ್ರಿಕರನ್ನು ಕರೆಸಿ ಪ್ರತಿಭಟಿಸಿತ್ತು. ಒಳ್ಳೆಯದೇ. ಮಕ್ಕಳನ್ನು ಅಲ್ಲಿಗೆ ಕಳಿಸಿ ಇಲ್ಲಿ ಫೋನ್ ಹಿಡಿದು ಕೂತ ನಮ್ಮಂಥವರ ಪರವಾಗಿಯೂ ಒಂದು ಸಲ ಕರೆಸಲಿ. ನಮ್ಮ 28 ಸಂಸದರಲ್ಲಿ ಯಾರಾದರೂ ಒಬ್ಬರು ಲೋಕಸಭೆಯಲ್ಲಿ ಎದ್ದು, ಆ ದೂರಿನ ಪಟ್ಟಿಗೆ ಭಾರತವನ್ನು ಸೇರಿಸಿ ಅಂತ ನಾವು ಯಾವತ್ತಾದರೂ ಕೇಳಿದ್ದೀವಾ ಅಂತ ವಿದೇಶಾಂಗ ಮಂತ್ರಿಗಳನ್ನು ಕೇಳಿದರೆ ಸಾಕು. ಉತ್ತರವನ್ನು ನಿಮ್ಮ ಪತ್ರಿಕೆಯಲ್ಲಿ ಓದುತ್ತೇನೆ.

ಇತಿ,
ನಿವೃತ್ತ ಟೆಲಿಫೋನ್ ಆಪರೇಟರ್, ಶಿವಮೊಗ್ಗ